ಕಿಟಕಿಯ ಹಾಸಿಗೆ

"ಮದರ್, ನೋವಿನ ಇಂಜೆಕ್ಷನ್ ಒಂದೇ ಉಳಿದಿದೆ. ಆಪರೇಷನ್ ಆದವರು ಇಬ್ಬರಿದ್ದಾರೆ. ಒಬ್ಬಳು ಕೂಗುತ್ತಾಳೆ, ಒಬ್ಬಳು ಸುಮ್ಮನಿದ್ದಾಳೆ. ಯಾರಿಗೆ ಕೊಡಲಿ?"

ಕೇಳಿದವಳು ಅನಸೂಯಾ. ದಾದಿಯರ ಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಸಂಜೆಯ ಪಾಳಿಗೆ ಹೋಗುವ ಮುನ್ನ ತನ್ನ ಗುರು ಮದರ್ ಬೆನೆಡಿಕ್ಟಾ ಅವರ ಕೋಣೆಗೆ ಬಂದಿದ್ದಳು. ಮದರ್ ಬ್ಯಾಂಡೇಜು ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

"ಆ ಸುಮ್ಮನಿರುವವಳ ವಿಷಯ ಹೇಳು."

"ಅವಳಿಂದ ಏನೂ ತೊಂದರೆಯಿಲ್ಲ ಮದರ್. ಬಹಳ ಜಾಣೆ. ಅವಳ ತಂಗಿಯ ಮದುವೆ ಹತ್ತಿರವಿದೆಯಂತೆ. ಹೀಗೇ ಗಲಾಟೆ ಮಾಡದೆ ಇದ್ದರೆ ಮದುವೆಗೆ ಮೊದಲೇ ಮನೆಗೆ ಕಳಿಸಲು ಡಾಕ್ಟರಿಗೆ ಹೇಳುತ್ತೇನೆ ಎಂದಿದ್ದೇನೆ. ಅಂದಿನಿಂದ ತುಟಿ ಬಿಚ್ಚಿಲ್ಲ. ಕೂಗುವವಳಿಗೆ, ಇವಳನ್ನು ನೋಡಿ ಕಲಿ ಎಂದು ಹೇಳಿ ಬಂದೆ."

ಮದರ್ ಬ್ಯಾಂಡೇಜನ್ನು ಕೆಳಗಿಟ್ಟರು.

"ಕುಳಿತುಕೋ" ಎಂದರು. "ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಂದು ಆಸ್ಪತ್ರೆ ಇತ್ತು. ದೊಡ್ಡ ಊರಲ್ಲ, ಅನುಕೂಲವಿದ್ದ ಆಸ್ಪತ್ರೆಯೂ ಅಲ್ಲ. ವೈದ್ಯರು ಕಡಿಮೆ, ರೋಗಿಗಳು ಹೆಚ್ಚು. ಆಪರೇಷನ್ ಆದ ಹೆಂಗಸರ ವಾರ್ಡು ಮಹಡಿಯ ಮೇಲಿತ್ತು. ಆ ವಾರ್ಡನ್ನು ಒಬ್ಬ ದಾದಿ ನೋಡಿಕೊಳ್ಳುತ್ತಿದ್ದಳು.

ಆ ದಾದಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಬೇಕು. ಕೆಟ್ಟವಳ ಕತೆ ಎಂದರೆ ಕೇಳುವವರು ಇದು ನಮ್ಮದಲ್ಲ ಎಂದು ಅರ್ಧಕ್ಕೇ ಎದ್ದು ಹೋಗುತ್ತಾರೆ. ಅವಳು ಹೊತ್ತಿಗೆ ಮೊದಲೇ ಬರುತ್ತಿದ್ದಳು, ಹೊತ್ತು ಮೀರಿ ಹೋಗುತ್ತಿದ್ದಳು. ರೋಗಿಗೆ ತಂದ ಹಣ್ಣಿನಲ್ಲಿ ಒಂದು ತೊಳೆಯನ್ನೂ ಮುಟ್ಟಿದವಳಲ್ಲ. ಅವಳ ವಾರ್ಡಿನಲ್ಲಿ ನೆಲ ಹೊಳೆಯುತ್ತಿತ್ತು. ಹಾಸಿಗೆಯ ಬಟ್ಟೆಯ ಮೇಲೆ ಸುಕ್ಕು ಕಂಡರೆ ಅವಳ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಎಳೆದು, ಸವರಿ, ಅಂಚನ್ನು ಗಾದಿಯ ಕೆಳಗೆ ಸಿಕ್ಕಿಸುವವರೆಗೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ನೋವಿನ ಇಂಜೆಕ್ಷನ್ ಅಲ್ಲಿ ಯಾವಾಗಲೂ ಸಾಲದು. ಮೇಲಿನಿಂದ ಬರುವುದು ತಡವಾಗುತ್ತಿತ್ತು, ಬಂದರೂ ಸ್ವಲ್ಪವೇ ಬರುತ್ತಿತ್ತು. ಅದು ಬೀಗ ಹಾಕಿದ ಕಪಾಟಿನಲ್ಲಿರುತ್ತಿತ್ತು. ಬೀಗದ ಕೈ ದಾದಿಯ ಸೊಂಟದಲ್ಲಿರುತ್ತಿತ್ತು. ಡಾಕ್ಟರು ಪ್ರತಿಯೊಬ್ಬ ರೋಗಿಗೂ ಒಂದೇ ಮಾತು ಹೇಳಿ ಹೋಗುತ್ತಿದ್ದರು: "ನೋವು ಎಂದರೆ ಕೊಡಿ."

ನೋವು ಎನ್ನದವಳು ಯಾರು? ಹೊಟ್ಟೆ ಕುಯ್ಯಿಸಿಕೊಂಡವರು ಅಳುತ್ತಾರೆ. ಒಬ್ಬಳು ಅಳಲು ಶುರುಮಾಡಿದರೆ ಪಕ್ಕದವಳಿಗೆ ತನ್ನ ನೋವು ನೆನಪಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ವಾರ್ಡು ಸಂತೆಯಾಗುತ್ತದೆ. ಕಪಾಟು ಖಾಲಿಯಾದ ಮೇಲೆ ಬಂದ ರೋಗಿಗೆ ಕೊಡಲು ಏನೂ ಇರುವುದಿಲ್ಲ. ಇದು ಆ ದಾದಿಯ ಚಿಂತೆ. ಅದು ನ್ಯಾಯವಾದ ಚಿಂತೆಯೇ.

ಆ ವಾರ್ಡಿಗೆ ಒಂದೇ ಒಳ್ಳೆಯ ಕಿಟಕಿ ಇತ್ತು. ಉಳಿದವು ಎತ್ತರದಲ್ಲಿದ್ದವು, ಸಣ್ಣವು. ಈ ಕಿಟಕಿಯ ಪಕ್ಕದ ಹಾಸಿಗೆಗೆ ಗಾಳಿ ಬರುತ್ತಿತ್ತು. ಮಲಗಿದವರಿಗೆ ಆಸ್ಪತ್ರೆಯ ಅಂಗಳ, ಅಂಗಳದ ಹೊಂಗೆ ಮರ, ಗೇಟು ಎಲ್ಲ ಕಾಣುತ್ತಿತ್ತು. ಒಂದು ಬೇಸಗೆಯಲ್ಲಿ ಒಬ್ಬ ಮುದುಕಿ ಬಂದಳು. ಗಟ್ಟಿ ಜೀವ, ಒಂದು ಸಲವೂ ನರಳಲಿಲ್ಲ. ದಾದಿಗೆ ಅವಳ ಮೇಲೆ ಪ್ರೀತಿ ಹುಟ್ಟಿತು. "ಈ ಅಜ್ಜಿಯಷ್ಟು ಒಳ್ಳೆಯವರು ಯಾರಿದ್ದಾರೆ? ಇವರಿಗೆ ಸ್ವಲ್ಪ ಗಾಳಿ ಬರಲಿ" ಎಂದು ಕಿಟಕಿಯ ಹಾಸಿಗೆ ಕೊಟ್ಟಳು. ಅಷ್ಟೇ ಮಾಡಿದ್ದು. ಮರುದಿನ ವಾರ್ಡು ಎಂದಿಗಿಂತ ಶಾಂತವಾಗಿತ್ತು. ಆಮೇಲೆ ಆ ಹಾಸಿಗೆ ಖಾಲಿಯಾದಾಗಲೆಲ್ಲ ದಾದಿ ಸುತ್ತ ನೋಡಿ, ಎಲ್ಲರಿಗಿಂತ ಸುಮ್ಮನಿರುವವಳನ್ನು ಅಲ್ಲಿಗೆ ಕಳಿಸಿದಳು. ಅವಳು ನಿಯಮವೆಂದು ಯಾವುದನ್ನೂ ಮಾಡಲಿಲ್ಲ. ನಿಯಮ ತಾನಾಗಿ ಆಯಿತು. ಹೊಸದಾಗಿ ಬಂದವರಿಗೆ ಹಳಬರೇ ಹೇಳಿಕೊಡುತ್ತಿದ್ದರು.

ವಾರ್ಡು ಶಾಂತವಾಯಿತು. ಕಪಾಟಿನಲ್ಲಿ ಇಂಜೆಕ್ಷನ್ ಉಳಿಯತೊಡಗಿತು. ಪಕ್ಕದ ವಾರ್ಡಿನವರು ಬಂದು ಸಾಲ ಕೇಳುವಷ್ಟು ಉಳಿಯಿತು. ದೊಡ್ಡ ಡಾಕ್ಟರು ಹೊರಗಿನಿಂದ ಬಂದವರಿಗೆ ಈ ವಾರ್ಡನ್ನೇ ಮೊದಲು ತೋರಿಸುತ್ತಿದ್ದರು. ಬಂದವರು ಬಾಗಿಲಲ್ಲೇ ದನಿ ತಗ್ಗಿಸುತ್ತಿದ್ದರು. "ದೇವಸ್ಥಾನದ ಹಾಗಿದೆ" ಎನ್ನುತ್ತಿದ್ದರು. ದಾದಿ ತಲೆ ಬಾಗಿಸಿ ನಿಲ್ಲುತ್ತಿದ್ದಳು. ಅವಳಿಗೆ ಆಗುತ್ತಿದ್ದ ಸಂತೋಷ ಸುಳ್ಳಾಗಿರಲಿಲ್ಲ.

ಆ ವಾರ್ಡಿನಲ್ಲಿ ಒಬ್ಬಳು ಮಾತ್ರ ಬಗ್ಗಲಿಲ್ಲ. ಅವಳು ಒಬ್ಬ ದರ್ಜಿಯ ಹೆಂಡತಿ. ನೋವು ಬಂದಾಗ ಆಸ್ಪತ್ರೆಯ ಗೇಟಿಗೆ ಕೇಳುವ ಹಾಗೆ ಕೂಗುತ್ತಿದ್ದಳು.

"ಅಯ್ಯೋ ಸಿಸ್ಟರಮ್ಮ, ಸತ್ತೆ! ಬನ್ನಿ ಇಲ್ಲಿ!"

"ಸ್ವಲ್ಪ ಮೆಲ್ಲಗೆ. ಬೇರೆಯವರು ಮಲಗಿದ್ದಾರೆ. ಹೀಗೆ ಕೂಗುವವರಿಗೆ ಕಿಟಕಿಯ ಹಾಸಿಗೆ ಸಿಗುವುದಿಲ್ಲ, ಗೊತ್ತಲ್ಲ?"

"ನಿಮ್ಮ ಕಿಟಕಿ ನೀವೇ ಇಟ್ಟುಕೊಳ್ಳಿ ತಾಯಿ. ನನ್ನ ಹೊಟ್ಟೆಗೆ ಹೊಲಿಗೆ ಹಾಕಿದವನಿಗೆ ಕೈ ನೆಟ್ಟಗಿಲ್ಲ. ನನ್ನ ಗಂಡ ಗೋಣಿಚೀಲಕ್ಕೂ ಇದಕ್ಕಿಂತ ಚೆನ್ನಾಗಿ ಹಾಕುತ್ತಾನೆ. ಸೂಜಿ ಕೊಡಿ, ಸುಮ್ಮನಾಗುತ್ತೇನೆ."

ದಾದಿ ಮುಖ ಸಿಂಡರಿಸಿ ಕಪಾಟು ತೆರೆಯುತ್ತಿದ್ದಳು. ಇಂಜೆಕ್ಷನ್ ಹೆಚ್ಚಾಗಿ ಹೋಗುತ್ತಿದ್ದುದು ಈ ಒಬ್ಬಳಿಗೇ. ಅವಳ ಹಾಸಿಗೆ ಬಾಗಿಲ ಬಳಿ, ಕಕ್ಕಸಿನ ವಾಸನೆ ಬರುವ ಮೂಲೆಯಲ್ಲಿತ್ತು. ಅವಳು ಅಲ್ಲೇ ಕೆಮ್ಮಿದಳು, ಅಲ್ಲೇ ಎದ್ದು ಕುಳಿತಳು, ಅಲ್ಲೇ ನಡೆಯಲು ಶುರುಮಾಡಿದಳು. ದಾದಿ ಇದನ್ನು ನೋಡಿದಳು. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೀಗಿರುವಾಗ ಆ ವಾರ್ಡಿಗೆ ಸೊಪ್ಪು ಮಾರುವವಳೊಬ್ಬಳು ಬಂದಳು.

ಅವಳ ಕರುಳು ಸಿಕ್ಕುಬಿದ್ದಿತ್ತು. ಅವಸರದಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ಅವಳು ಹಾಕಿದ ಕೂಗಿಗೆ ವಾರ್ಡೇ ತಿರುಗಿ ನೋಡಿತು. ಅದೇನೂ ಸಾಮಾನ್ಯ ಗಂಟಲಲ್ಲ. ಬೀದಿಯ ಈ ತುದಿಯಲ್ಲಿ ನಿಂತು "ಸೊಪ್ಪೋ... ಸೊಪ್ಪು!" ಎಂದರೆ ಆ ತುದಿಯ ಮನೆಯವರು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದರು. ದರ್ಜಿಯ ಹೆಂಡತಿಗೆ ಬಹಳ ಸಂತೋಷವಾಯಿತು. "ಬಂದಳಪ್ಪ ನನಗೊಬ್ಬ ಜೊತೆಗಾತಿ" ಎಂದಳು.

ಆದರೆ ಸೊಪ್ಪಿನವಳ ಮನಸ್ಸು ತನ್ನ ಹೊಟ್ಟೆಯ ಮೇಲಿರಲಿಲ್ಲ. ಅವಳಿಗೆ ಒಬ್ಬ ಮಗಳು. ಇನ್ನೂ ಶಾಲೆಗೆ ಸೇರದ ಮಗು. ಮಗುವಿನ ಅಪ್ಪ ಹಿಂದಿನ ವರ್ಷ ಇದೇ ಆಸ್ಪತ್ರೆಗೆ ಬಂದಿದ್ದ. ನಡೆದುಕೊಂಡು ಒಳಗೆ ಹೋದವನನ್ನು ಹೊತ್ತುಕೊಂಡು ಹೊರಗೆ ತಂದರು. ಅದು ಮಗುವಿನ ತಲೆಯಲ್ಲಿ ಕೂತಿತ್ತು. ಈಗ ಅಮ್ಮನೂ ಸತ್ತಿದ್ದಾಳೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ ಎಂದು ಅದು ನಂಬಿತ್ತು. ಅಮ್ಮನನ್ನು ತೋರಿಸುವವರೆಗೆ ಊಟ ಮಾಡುವುದಿಲ್ಲ ಎಂದು ಹಟ ಹಿಡಿದಿತ್ತು. ಸೊಪ್ಪಿನವಳ ನಾದಿನಿ ಮಗುವನ್ನು ಎತ್ತಿಕೊಂಡು ಬಂದಳು. ಚಿಕ್ಕ ಮಕ್ಕಳನ್ನು ವಾರ್ಡಿಗೆ ಬಿಡುವ ಹಾಗಿಲ್ಲ ಎಂದು ದಾದಿ ಬಾಗಿಲಲ್ಲೇ ತಡೆದಳು. ರೋಗ ತಗಲುವುದು ಮಕ್ಕಳಿಗೇ ಮೊದಲು. ಆ ನಿಯಮವೂ ನ್ಯಾಯವಾದದ್ದೇ.

"ಹಾಗಾದರೆ ಏನು ಮಾಡಲಿ ಅತ್ತಿಗೆ?" ಎಂದು ನಾದಿನಿ ಒಳಗೆ ಬಂದು ಕೇಳಿದಳು. "ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ ಅದಕ್ಕೆ."

ಪಕ್ಕದ ಹಾಸಿಗೆಯವಳು ಮೆಲ್ಲಗೆ ಹೇಳಿದಳು, "ಆ ಕಿಟಕಿಯ ಹಾಸಿಗೆ ಸಿಕ್ಕರೆ ಕೆಳಗೆ ಮರದ ಹತ್ತಿರ ನಿಂತ ಮಗು ಕಾಣಿಸುತ್ತದೆ. ಮಗುವಿಗೂ ನೀವು ಕಾಣಿಸುತ್ತೀರಿ. ಅಲ್ಲಿರುವವಳು ನಾಳೆ ಮನೆಗೆ ಹೋಗುತ್ತಾಳೆ. ಆದರೆ ಕೂಗುವವರಿಗೆ ಅದು ಸಿಗುವುದಿಲ್ಲ."

ಅಷ್ಟರಲ್ಲಿ ದಾದಿ ಬಂದಳು. ಸೊಪ್ಪಿನವಳು ಕೂಗಿದ್ದನ್ನು ಅವಳು ಕೇಳಿದ್ದಳು. ಬೀಗದ ಕೈ ಅವಳ ಕೈಯಲ್ಲೇ ಇತ್ತು.

"ನೋವು ಬಹಳ ಇದೆಯೇನಮ್ಮ? ಇಂಜೆಕ್ಷನ್ ಕೊಡಲೇ?"

ಸೊಪ್ಪಿನವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ದಾದಿಯ ಮುಖ ನೋಡಿದಳು.

"ಏನೂ ಬೇಡ ಸಿಸ್ಟರ್. ಈಗ ಚೆನ್ನಾಗಿದ್ದೇನೆ."

"ಭೇಷ್" ಎಂದಳು ದಾದಿ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂದಿನಿಂದ ಸೊಪ್ಪಿನವಳ ದನಿ ಯಾರಿಗೂ ಕೇಳಲಿಲ್ಲ. ಅವಳು ಅಂಗಾತ ಮಲಗಿರುತ್ತಿದ್ದಳು. ಮಗ್ಗುಲಾಗುತ್ತಿರಲಿಲ್ಲ, ಮಗ್ಗುಲಾದರೆ ಬಾಯಿಂದ ಶಬ್ದ ಬರುತ್ತಿತ್ತು. ಡಾಕ್ಟರು ಬಂದು, "ಜೋರಾಗಿ ಉಸಿರು ಎಳೆದುಕೊಳ್ಳಬೇಕು, ಕೆಮ್ಮಿ ಕಫ ತೆಗೆಯಬೇಕು" ಎಂದಾಗ ತಲೆಯಾಡಿಸಿದಳು. ಅವರು ಆಚೆ ಹೋದ ಮೇಲೆ ಒಮ್ಮೆ ಕೆಮ್ಮಿ ನೋಡಿದಳು. ಹೊಲಿಗೆಯೆಲ್ಲ ಒಟ್ಟಿಗೆ ಕಿತ್ತುಬಂದ ಹಾಗಾಯಿತು. ಮತ್ತೆ ಕೆಮ್ಮು ಬಂದಾಗ ನುಂಗಿದಳು. ಉಸಿರನ್ನು ಗಂಟಲಲ್ಲೇ ಸ್ವಲ್ಪಸ್ವಲ್ಪವಾಗಿ ಆಡಿಸುವುದನ್ನು ಕಲಿತಳು. ಮುಖವನ್ನು ಅಲುಗದ ಹಾಗೆ ಇಟ್ಟುಕೊಳ್ಳುವುದನ್ನೂ ಕಲಿತಳು.

ಎರಡು ಕೈ ಮಾತ್ರ ಅವಳ ಮಾತು ಕೇಳಲಿಲ್ಲ. ಅವು ಹಾಸಿಗೆಯ ಬಟ್ಟೆಯನ್ನು ಹಿಡಿದು ಹಿಂಡುತ್ತಿದ್ದವು. ದಾದಿ ಬಂದಾಗ ಅವಳು ಕೈ ಬಿಡುತ್ತಿದ್ದಳು. ಆದರೆ ಎರಡು ಪಕ್ಕದಲ್ಲೂ ಬಟ್ಟೆ ಮುದುಡಿರುತ್ತಿತ್ತು. ದಾದಿ ಪ್ರತಿ ಸಲವೂ ಬಾಗಿ, ಎಳೆದು, ಸವರಿ, ಅಂಚು ಸಿಕ್ಕಿಸಿ ಹೋಗುತ್ತಿದ್ದಳು. "ಎಲ್ಲದರಲ್ಲೂ ಜಾಣೆ, ಹಾಸಿಗೆ ಮಾತ್ರ ಅಚ್ಚುಕಟ್ಟಾಗಿ ಇಟ್ಟುಕೊಳ್ಳಲು ಬರುವುದಿಲ್ಲ" ಎಂದು ನಕ್ಕಳು. ಸೊಪ್ಪಿನವಳೂ ನಕ್ಕಳು.

ಕಿಟಕಿಯ ಹಾಸಿಗೆ ಅವಳಿಗೇ ಸಿಕ್ಕಿತು. ಆಳುಗಳು ಅವಳನ್ನು ಎತ್ತಿ ಅಲ್ಲಿಗೆ ಸಾಗಿಸಿದರು. ಎತ್ತುವಾಗಲೂ ಅವಳು ಉಸಿರೆತ್ತಲಿಲ್ಲ. "ನೋಡಿ ಕಲಿಯಿರಿ" ಎಂದು ದಾದಿ ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು. ದರ್ಜಿಯ ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಜೆ ಗಂಟೆ ಹೊಡೆಯಿತು. ರೋಗಿಗಳನ್ನು ನೋಡಲು ಬಂದವರು ಅಂಗಳಕ್ಕೆ ನುಗ್ಗಿದರು. ಹೊಂಗೆ ಮರದ ಕೆಳಗೆ ನಾದಿನಿ ಬಂದು ನಿಂತಳು. ಅವಳ ಕಂಕುಳಲ್ಲಿ ಮಗು. ಅತ್ತಿಗೆಗೆ ಆ ಹಾಸಿಗೆ ಸಿಕ್ಕಿದ್ದಾಗಲಿ, ಅದರ ಕಿಟಕಿ ಹೊರಗಿನಿಂದ ಯಾವುದು ಎಂಬುದಾಗಲಿ ನಾದಿನಿಗೆ ಗೊತ್ತಿರಲಿಲ್ಲ. ಮಗುವಿಗೆ ಸಮಾಧಾನವಾಗಲಿ ಎಂದು ಯಾವುದೋ ಕಿಟಕಿಗೆ ಬೆರಳು ತೋರಿಸಿ, "ಅಲ್ಲಿದ್ದಾಳೆ ನೋಡು ಅಮ್ಮ" ಎನ್ನುತ್ತಿದ್ದಳು. ಮಗು ಆ ಕಿಟಕಿಯನ್ನೇ ನೋಡುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ಸೊಪ್ಪಿನವಳಿಗೆ ಮಗು ಚೆನ್ನಾಗಿ ಕಾಣುತ್ತಿತ್ತು. ಕೆದರಿದ ಕೂದಲು, ಬಿಚ್ಚಿಹೋದ ಲಂಗದ ದಾರ, ಎಲ್ಲವೂ ಕಾಣುತ್ತಿತ್ತು. ಕೈ ಎತ್ತಲು ನೋಡಿದಳು. ಕೈ ಕಿಟಕಿಯ ಅಂಚಿಗಿಂತ ಮೇಲೆ ಬರಲಿಲ್ಲ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಎಷ್ಟೋ ಸಂಜೆ ಬೀದಿಯ ತಿರುವಿನಿಂದ ಆ ಕೂಗು ಕೇಳಿಯೇ ಮಗು ಓಡಿ ಬಂದದ್ದುಂಟು. ಅವಳು ಬಾಯಿ ತೆರೆದಳು. ಕೂಗುವಷ್ಟು ಉಸಿರು ಒಳಗೆ ಇಳಿಯಲಿಲ್ಲ. ಉಸಿರಿನ ಬದಲು ಕೆಮ್ಮು ಬಂತು. ಅದನ್ನೂ ತಡೆದಳು.

ದಾದಿ ಪಕ್ಕದಲ್ಲೇ ಹಾಸಿಗೆಯ ಬಟ್ಟೆ ಎಳೆಯುತ್ತಿದ್ದಳು. "ಏನು? ಏನಾದರೂ ಬೇಕೇ?" ಎಂದಳು.

ಆ ಹಾಸಿಗೆಯಲ್ಲಿ ಮಲಗಿದವರು ಏನನ್ನೂ ಕೇಳಬಾರದು ಎಂದು ಸೊಪ್ಪಿನವಳು ತಿಳಿದಿದ್ದಳು. ಇಲ್ಲವೆಂದು ತಲೆಯಾಡಿಸಿದಳು.

ನಾದಿನಿ ಮಗುವನ್ನು ಗೇಟಿನ ಬಳಿ ಯಾರಿಗೋ ಒಪ್ಪಿಸಿ ಮೇಲೆ ಬಂದಳು. ಹಾಸಿಗೆ ಬದಲಾದದ್ದನ್ನು ಕಂಡು ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತಿಗೆ, ಇಲ್ಲಿದ್ದೀಯ? ಒಂದು ಸಲ ಸೊಪ್ಪೋ ಅನ್ನಬಾರದಿತ್ತೇ? ಓಡಿಬರುತ್ತಿತ್ತಲ್ಲ! ಇವತ್ತಿನ ಹೊತ್ತು ಮುಗಿಯಿತು, ನಾಳೆ ಬಂದಾಗ ಕೂಗು, ಮರೆಯಬೇಡ."

"ಇಲ್ಲಿ ಸೊಪ್ಪು ಮಾರುವ ಹಾಗಿಲ್ಲ ತಾಯಿ" ಎಂದಳು ದಾದಿ. ಅವಳು ತಮಾಷೆಗೆ ಹೇಳಿದ್ದು.

ಮರುದಿನ ಬೆಳಿಗ್ಗೆ ಸೊಪ್ಪಿನವಳಿಗೆ ಜ್ವರ ಬಂದಿತ್ತು. ತುಟಿ ಕಪ್ಪಾಗಿತ್ತು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದರು. ಅವರ ಮುಖ ಬದಲಾಯಿತು.

"ಎದೆಯೊಳಗೆಲ್ಲ ಕಫ ಕಟ್ಟಿದೆ. ಇವಳು ಕೆಮ್ಮಿಯೇ ಇಲ್ಲ. ನೋವಿಗೆ ಏನು ಕೊಟ್ಟಿದ್ದೀರಿ?"

"ಏನೂ ಕೊಟ್ಟಿಲ್ಲ ಡಾಕ್ಟರೇ. ನೋವು ಎಂದು ಹೇಳಲೇ ಇಲ್ಲ."

"ಹೊಟ್ಟೆಯ ಮೇಲೆ ಇಷ್ಟುದ್ದ ಗಾಯ ಇದೆಯಲ್ಲ. ಅದು ಹೇಳಲಿಲ್ಲವೇ?"

ದಾದಿ ಕಪಾಟಿಗೆ ಓಡಿದಳು. ಕಪಾಟಿನಲ್ಲಿ ಇಂಜೆಕ್ಷನ್‌ಗಳು ಸಾಲಾಗಿದ್ದವು. ಅಚ್ಚುಕಟ್ಟಾದ ಸಾಲು. ಅವುಗಳಲ್ಲಿ ಒಂದನ್ನು ತಂದು ಕೊಟ್ಟಳು. ಉಸಿರಿಗೆ ಅನುಕೂಲವಾಗಲಿ ಎಂದು ತಲೆಯ ಕೆಳಗೆ ದಿಂಬು ಎತ್ತರಿಸಿ, ಅಲ್ಲೇ ನಿಂತಳು.

ಸ್ವಲ್ಪ ಹೊತ್ತಿನಲ್ಲಿ ಸೊಪ್ಪಿನವಳ ಹಣೆ ಸಡಿಲವಾಯಿತು. ದವಡೆ ಸಡಿಲವಾಯಿತು. ಹಾಸಿಗೆಯ ಬಟ್ಟೆಯನ್ನು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ದಾದಿ ಗಾಬರಿಯಿಂದ ನೋಡಿದಳು. ಮಲಗಿದ್ದವಳು ಬೇರೆ ಯಾರೋ ಎನ್ನಿಸಿತು. ಇದುವರೆಗೆ ಯಾವುದನ್ನು ಅವಳ ಮುಖ ಎಂದುಕೊಂಡಿದ್ದಳೋ ಅದು ಅವಳ ಮುಖವಾಗಿರಲಿಲ್ಲ. ಅದು ನೋವಿನ ಮುಖವಾಗಿತ್ತು. ಸೊಪ್ಪಿನವಳ ಮುಖವನ್ನು ದಾದಿ ಈಗ ಮೊದಲ ಸಲ ನೋಡುತ್ತಿದ್ದಳು.

ಸೊಪ್ಪಿನವಳು ಕಣ್ಣು ತೆರೆದು ಕಿಟಕಿಯ ಕಡೆ ತಿರುಗಿದಳು. ಎದೆ ತುಂಬ ಉಸಿರು ಎಳೆಯಲು ನೋಡಿದಳು. ಈಗ ನೋವು ಅಡ್ಡ ಬರಲಿಲ್ಲ. ಆದರೆ ಒಳಗೆ ಜಾಗವಿರಲಿಲ್ಲ.

"ಸೊಪ್ಪೋ" ಎಂದಳು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ದಾದಿಗೆ ಮಾತ್ರ ಅದು ಕೇಳಿಸಿತು.

ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ. ಅದು ಬೆಳಗಿನ ಹೊತ್ತು. ಜನ ಬರುವುದು ಸಂಜೆಗೆ.

ಡಾಕ್ಟರು ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಮಧ್ಯಾಹ್ನ ಕಳೆಯುವುದರೊಳಗೆ ಅವಳು ತೀರಿಕೊಂಡಳು.

ಆಳುಗಳು ಬಂದು ಹೆಣವನ್ನು ಸಾಗಿಸಿದರು. ದಾದಿ ಹಾಸಿಗೆಯ ಬಟ್ಟೆ ತೆಗೆಯಲು ಬಾಗಿದಳು. ಎರಡೂ ಪಕ್ಕದಲ್ಲಿ, ಕೈ ಇದ್ದ ಜಾಗದಲ್ಲಿ, ಬಟ್ಟೆ ಹಿಂಡಿ ಹಿಂಡಿ ಮುದ್ದೆಯಾಗಿತ್ತು. ಅದನ್ನು ಸವರಿ ಸರಿಮಾಡಲು ಅವಳ ಕೈ ಮುಂದೆ ಹೋಯಿತು, ಅಲ್ಲೇ ನಿಂತಿತು.

ವಾರ್ಡಿನಲ್ಲಿ ಸದ್ದಿಲ್ಲ. ಒಂದೇ ಕೋಣೆಯಲ್ಲಿ, ಎಲ್ಲರ ಕಣ್ಣೆದುರಿಗೇ, ಚಿಕ್ಕ ಮಗುವಿನ ತಾಯಿಯೊಬ್ಬಳು ಸತ್ತಿದ್ದಳು. ಆದರೂ ಯಾರೂ ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡವರಿದ್ದರು, ಕಣ್ಣು ಮುಚ್ಚಿ ಮಲಗಿದವರಿದ್ದರು. ಒಬ್ಬಳಾದರೂ ದನಿ ತೆಗೆಯಲಿಲ್ಲ. ದಾದಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಎಲ್ಲರ ಮುಖವೂ ಅಲುಗದ ಹಾಗಿತ್ತು. ಆ ಮುಖದ ಗುರುತು ಅವಳಿಗೆ ಈಗ ಸಿಕ್ಕಿತು.

"ಏಕೆ ಯಾರೂ ಅಳುತ್ತಿಲ್ಲ?" ಎಂದಳು.

ಬಾಗಿಲ ಬಳಿಯಿಂದ ದರ್ಜಿಯ ಹೆಂಡತಿ ಹೇಳಿದಳು. ಈ ಸಲ ಅವಳು ಕೂಗಲಿಲ್ಲ.

"ಹೇಗೆ ಅಳುತ್ತಾರೆ ಸಿಸ್ಟರಮ್ಮ? ಕಿಟಕಿಯ ಹಾಸಿಗೆ ಖಾಲಿಯಾಗಿದೆಯಲ್ಲ."

ಆಗ ಕೆಳಗೆ ಸಂಜೆಯ ಗಂಟೆ ಹೊಡೆಯಿತು. ದಾದಿ ಕಿಟಕಿಗೆ ಬಂದಳು. ಸಾವಿನ ಸುದ್ದಿ ಇನ್ನೂ ಮನೆಗೆ ಮುಟ್ಟಿರಲಿಲ್ಲ. ಹೊಂಗೆ ಮರದ ಕೆಳಗೆ ನಾದಿನಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಇವತ್ತು ಅವಳಿಗೆ ಸರಿಯಾದ ಕಿಟಕಿ ಗೊತ್ತಿತ್ತು. ಬೆರಳು ನೇರವಾಗಿ ಇಲ್ಲಿಗೇ ತೋರಿಸಿದಳು. ಮಗು ಕತ್ತು ಎತ್ತಿ ನೋಡಿತು. ಕಿಟಕಿಯಲ್ಲಿ ಅದಕ್ಕೆ ಕಂಡದ್ದು ಬಿಳಿ ಟೊಪ್ಪಿಗೆ ಹಾಕಿದ ಒಬ್ಬ ದಾದಿ. ಮಗು ಇನ್ನೂ ಕೂಗಿಗೆ ಕಾಯುತ್ತ ನಿಂತಿತ್ತು. ದಾದಿ ಬಾಯಿ ತೆರೆದಳು. ಅವಳಿಗೂ ದನಿ ಬರಲಿಲ್ಲ.

ಮದರ್ ಬೆನೆಡಿಕ್ಟಾ ಇಲ್ಲಿಗೆ ನಿಲ್ಲಿಸಿದರು. ಕೆಳಗಿಟ್ಟಿದ್ದ ಬ್ಯಾಂಡೇಜನ್ನು ಮತ್ತೆ ಕೈಗೆ ತೆಗೆದುಕೊಂಡು ಸುತ್ತತೊಡಗಿದರು.

ಅನಸೂಯಾ ಕಣ್ಣು ಒರೆಸಿಕೊಂಡಳು. ಎದ್ದು ನಿಂತು ಏಪ್ರನ್ ಸರಿಮಾಡಿಕೊಂಡಳು. ಪಾಳಿಯ ಹೊತ್ತಾಗಿತ್ತು. ತಂದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದೇ ಅವಳಿಗೆ ತೋರಿತು.

"ತಿಳಿಯಿತು ಮದರ್. ಇಂಜೆಕ್ಷನ್ ಸುಮ್ಮನಿರುವವಳಿಗೆ ಕೊಡುತ್ತೇನೆ."

ಮದರ್ ತಲೆ ಎತ್ತಿ ಅವಳನ್ನು ನೋಡಿದರು.

"ನೀನು ಮೊದಲು ಹೋಗಿ, ತಂಗಿಯ ಮದುವೆಯ ಹೆಸರಿನಲ್ಲಿ ಅವಳಿಗೆ ತೋರಿಸಿದ ಕಿಟಕಿಯನ್ನು ಮುಚ್ಚಿ ಬಾ, ಆಮೇಲೂ ಅವಳು ಸುಮ್ಮನಿದ್ದರೆ ನನ್ನನ್ನು ಕೇಳು."